ಗೇಣುದ್ದದ ಹೆದರಿಕೆ

ಮೊನ್ನೆ ಕಪಾಟು ಒರೆಸುವಾಗ ಕೆಳಗಿನ ಖಾನೆಯಲ್ಲಿ ಕೊರೋನಾ ಕಾಲದ ಜ್ವರ ನೋಡುವ ಯಂತ್ರ ಸಿಕ್ಕಿತು. ನಿಮಗೂ ನೆನಪಿರಬೇಕು, ಬಿಳಿ ಪ್ಲಾಸ್ಟಿಕ್ಕಿನದು, ಮುಷ್ಟಿಯಲ್ಲಿ ಹಿಡಿದು ಎದುರಿನವರ ಹಣೆಗೆ ಗುರಿಯಿಟ್ಟು ಬೆರಳಿನಿಂದ ಒತ್ತುವಂಥದು. ಆ ದಿನಗಳಲ್ಲಿ ನಮ್ಮ ಯಜಮಾನರು ಶಿಕಾರಿಪುರದ ತಮ್ಮ ಮೆಕ್ಕೆಜೋಳದ ಮಂಡಿಯ ಬಾಗಿಲಲ್ಲಿ ಇದನ್ನು ಹಿಡಿದು ಕೂತಿರುತ್ತಿದ್ದರು. ಕ್ವಿಂಟಲ್ ಚೀಲವನ್ನು ಲೆಕ್ಕಕ್ಕೇ ಇಡದೆ ಹೊರುವ ಹಮಾಲರು ಇದು ಹಣೆಯ ಹತ್ತಿರ ಬಂದೊಡನೆ ಗಟ್ಟಿಯಾಗಿ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಒಬ್ಬನಂತೂ, "ಸಾವ್ಕಾರ್ರೆ, ಸ್ವಲ್ಪ ಮೆಲ್ಲಕ ಒತ್ರಿ" ಎಂದು ಬೇಡಿಕೊಂಡಿದ್ದ. ನಗಬೇಡಿ. ಬ್ಯಾಂಕಿನ ಬಾಗಿಲಲ್ಲಿ ನನ್ನ ಹಣೆಗೆ ಹಿಡಿದಾಗ ನಾನೂ ಕಣ್ಣು ಮುಚ್ಚಿದ್ದೆ, ಮನಸ್ಸಿನಲ್ಲಿ ಪಂಚಾಕ್ಷರಿಯೂ ಬಂದಿತ್ತು.

ಯಂತ್ರದಲ್ಲಿ ಈಗ ಸೆಲ್ ಇಲ್ಲ. ಆದರೂ ಅದನ್ನು ಮುಷ್ಟಿಯಲ್ಲಿ ಹಿಡಿದು ಕನ್ನಡಿಯ ಮುಂದೆ ನಿಂತೆ. ಐವತ್ತು ದಾಟಿದ, ತಲೆಗೆ ಟವಲು ಸುತ್ತಿಕೊಂಡ ಹೆಂಗಸೊಬ್ಬಳು ಸ್ವಲ್ಪ ಭಯಂಕರವಾಗಿಯೇ ಕಂಡಳು. ಹಾಗಾದರೆ ಹೆದರಿಸುವುದು ಈ ಪಿಸ್ತೂಲಿನ ಆಕಾರವೇ, ಗುಂಡಿಗೂ ಕಬ್ಬಿಣಕ್ಕೂ ಸಂಬಂಧವಿಲ್ಲ ಎಂದು ತೀರ್ಮಾನಿಸಿದೆ. ನನ್ನ ತೀರ್ಮಾನಗಳು ಬಹಳ ಹೊತ್ತು ನಿಲ್ಲುವುದಿಲ್ಲ. ಇದೂ ನಿಲ್ಲಲಿಲ್ಲ.

ಯಾಕೆಂದರೆ ನನ್ನ ತವರಿನ ಕೋವಿ ನೆನಪಾಯಿತು. ನಾನು ಸೊರಬ ತಾಲ್ಲೂಕಿನ ಹೊಸಬಾಳೆಯವಳು. ಅಪ್ಪನ ಹತ್ತಿರ ಬೆಳೆ ರಕ್ಷಣೆಗೆಂದು ಲೈಸೆನ್ಸ್ ಪಡೆದ ಒಂದು ಹಳೆಯ ಕೋವಿ ಇತ್ತು. ಹೆಚ್ಚುಕಮ್ಮಿ ಆಳುದ್ದ. ನಡುಮನೆಯ ಗೋಡೆಯಲ್ಲಿ ಗೂಟಗಳ ಮೇಲೆ ಮಲಗಿರುತ್ತಿತ್ತು. ಅವ್ವ ಅದಕ್ಕೆ ಬೆಳ್ಳುಳ್ಳಿ ಗೊಂಚಲು ಕಟ್ಟುತ್ತಿದ್ದಳು. ಅಪ್ಪನ ಟವಲು, ನನ್ನ ಶಾಲೆಯ ಚೀಲ, ಯಾರೋ ನೆಂಟರು ಮರೆತುಹೋದ ಕೊಡೆ, ಎಲ್ಲವೂ ಅದಕ್ಕೇ. ಹಂದಿ ಗದ್ದೆಗೆ ಇಳಿದಿದೆ ಎಂದು ಯಾರಾದರೂ ಕೂಗಿದರೆ ಅಪ್ಪ ಮೊದಲು ಬೆಳ್ಳುಳ್ಳಿ ಬಿಚ್ಚಬೇಕು. ಆಮೇಲೆ ನಳಿಗೆಗೆ ಮದ್ದು ಸುರಿಯಬೇಕು, ತೆಂಗಿನ ನಾರು ತುರುಕಬೇಕು, ಸರಳಿನಿಂದ ಜಡಿಯಬೇಕು. ಮದ್ದಿಗೆ ಕಿಡಿ ಹೊತ್ತಿಸುವ ಕೇಪಿನ ಡಬ್ಬಿಯಂತೂ ಇಟ್ಟಲ್ಲಿ ಯಾವತ್ತೂ ಸಿಕ್ಕಿದ್ದಿಲ್ಲ. ಅಷ್ಟರಲ್ಲಿ ಹಂದಿ ಊಟ ಮುಗಿಸಿ ಹೋಗಿರುತ್ತಿತ್ತು. ಮಂಗಗಳಿಗೆ ಆ ಮರ್ಯಾದೆಯೂ ಇರಲಿಲ್ಲ. ಅಪ್ಪ ಕೋವಿ ಎತ್ತಿದರೆ ಬೇಲಿಯ ಮೇಲೆ ಸಾಲಾಗಿ ಕೂತು ನೋಡುತ್ತಿದ್ದವು. ಅದೇ ನಾನು ಲಂಗದ ಜೇಬಿನಿಂದ ಚಾಟಿಬಿಲ್ಲು ತೆಗೆದರೆ ಒಂದೂ ಅಲ್ಲಿ ನಿಲ್ಲುತ್ತಿರಲಿಲ್ಲ.

ಆಳುದ್ದದ ಕೋವಿಗೆ ಇಲ್ಲದ ಹೆದರಿಕೆ ಗೇಣುದ್ದದ ಪಿಸ್ತೂಲಿಗೆ ಎಲ್ಲಿಂದ ಬಂತು, ನೀವೇ ಹೇಳಿ. ನನಗೆ ತೋಚಿದ್ದು ಇಷ್ಟು. ಕೋವಿ ಹಿಡಿದವನು ದೂರದಿಂದಲೇ ಕಾಣುತ್ತಾನೆ. ಎಲ್ಲಿಗೆ ಹೊರಟ, ಯಾತಕ್ಕೆ ಹೊರಟ ಎಂದು ಊರಿಗೆಲ್ಲ ಗೊತ್ತಾಗುತ್ತದೆ, ಹಂದಿಗೂ ಗೊತ್ತಾಗುತ್ತದೆ. ಪಿಸ್ತೂಲು ಅಂಗಿಯ ಕೆಳಗಿರುತ್ತದೆ. ಹಂದಿ ಹೊಡೆಯಲು ಯಾರೂ ಪಿಸ್ತೂಲು ಒಯ್ಯುವುದಿಲ್ಲ. ಅದನ್ನು ಮನುಷ್ಯರಿಗಾಗಿಯೇ ಮಾಡಿದ್ದಾರೆ ಎಂಬುದು ಅದರ ಅಳತೆ ನೋಡಿದರೇ ತಿಳಿಯುತ್ತದೆ.

ಇಷ್ಟೆಲ್ಲ ಪಾಂಡಿತ್ಯ ನನಗೆ ಬಂದದ್ದು ನಮ್ಮ ಮನೆಗೂ ಒಂದು ಪಿಸ್ತೂಲು ಬಂದ ಮೇಲೆ. ನಮ್ಮ ಯಜಮಾನರ ಬಗ್ಗೆ ಎರಡು ಮಾತು ಹೇಳಿಬಿಡುತ್ತೇನೆ. ತೆಳ್ಳನೆ ಮನುಷ್ಯ. ಗೋಡೆಯ ಮೇಲೆ ಹಲ್ಲಿ ಕಂಡರೆ ನನ್ನನ್ನು ಕರೆಯುತ್ತಾರೆ. ಮಂಡಿಯಲ್ಲಿ ಯಾರನ್ನಾದರೂ ಬೈಯಬೇಕಾದರೆ ಹಿಂದಿನ ದಿನವೇ ಮನೆಯಲ್ಲಿ ಅಭ್ಯಾಸ ಮಾಡಿಕೊಂಡು ಹೋಗಿ, ಅಲ್ಲಿ ಅವರಿಗೇ ಚಹಾ ಕುಡಿಸಿ ಬರುತ್ತಾರೆ. ಅಂಥವರಿಗೆ ವ್ಯಾಪಾರಿ ಸ್ನೇಹಿತರು, ಸಂಜೆ ಹೊತ್ತು ದುಡ್ಡು ಇಟ್ಟುಕೊಂಡು ಓಡಾಡುತ್ತೀರಿ, ಕಾಲ ಸರಿಯಿಲ್ಲ ಎಂದು ತಲೆ ತುಂಬಿದರು. ಅರ್ಜಿ ಹೋಯಿತು. ಇವರ ನಡತೆ ಹೇಗೆ ಎಂದು ವಿಚಾರಿಸಲು ಪೊಲೀಸಿನವರು ಪಕ್ಕದ ಮನೆಯ ಶಾರದಕ್ಕನ ಹತ್ತಿರ ಬಂದರು. ಶಾರದಕ್ಕ, "ಪಾಪದ ಮನುಷ್ಯಾರ್ರೀ, ಸೊಳ್ಳೆ ಹೊಡೆಯಾಕೂ ಹಿಂದೆ ಮುಂದೆ ನೋಡ್ತಾರ" ಎಂದಳಂತೆ. ಅಂಥವರಿಗೆ ಲೈಸೆನ್ಸ್ ಯಾಕೆ ಎಂದು ಪೊಲೀಸರು ಕೇಳಲಿಲ್ಲ. ನಾನೂ ಕೇಳಲಿಲ್ಲ.

ಡಬ್ಬಿ ಬಿಚ್ಚಿದ ದಿನ ನಾನು ಏನೋ ನೋಡುತ್ತೇನೆಂದು ಕಾದಿದ್ದೆ. ನಮ್ಮ ಅತ್ತೆ ಎಲೆಅಡಿಕೆ ಕುಟ್ಟುತ್ತಿದ್ದ ಕುಟ್ಟಾಣಿಗಿಂತ ತುಸು ದೊಡ್ಡದು, ಅಷ್ಟೇ ಭಾರ.

"ಪಿಸ್ತೂಲು ಇಷ್ಟೇನಾ?" ಎಂದೆ.

"ಪಿಸ್ತೂಲಲ್ಲ, ರಿವಾಲ್ವರ್ ಅನ್ನಬೇಕು" ಎಂದು ತಿದ್ದಿದರು.

"ಹೆಂಗ ಅಂದ್ರೂ ಹೊಡೆಯೋರು ನೀವಲ್ಲ ಬಿಡ್ರಿ ಅಪ್ಪಾಜಿ" ಎಂದಳು ಮಗಳು ಚೈತ್ರಾ. ಅವಳಿಗೆ ಬಾಯಿ ಮೊದಲಿನಿಂದಲೂ ಸ್ವಲ್ಪ ಜಾಸ್ತಿ. ನನ್ನ ಕಡೆಯದು.

ಅದನ್ನು ಸೊಂಟಕ್ಕೆ ಕಟ್ಟಲು ಒಂದು ಚರ್ಮದ ಚೀಲ ಬಂತು. ತೊಂದರೆ ಶುರುವಾದದ್ದು ಅಲ್ಲಿಂದ. ಹೇಳಿದೆನಲ್ಲ, ತೆಳ್ಳನೆ ಮನುಷ್ಯ. ಆ ಭಾರಕ್ಕೆ ಪ್ಯಾಂಟು ಬಲಗಡೆಗೆ ಜಾರುತ್ತಿತ್ತು. ಬೆಲ್ಟಿಗೆ ಮೊಳೆ ಕಾಯಿಸಿ ಹೊಸ ತೂತು ಮಾಡಿಕೊಟ್ಟೆ, ಆದರೂ ಜಾರುವುದು ನಿಲ್ಲಲಿಲ್ಲ. ಕೊನೆಗೆ ನಡೆಯುವಾಗಲೆಲ್ಲ ಬಲಗೈಯಿಂದ ಸೊಂಟ ಹಿಡಿದುಕೊಂಡೇ ನಡೆಯುವುದು ರೂಢಿಯಾಯಿತು. ನೋಡುವವರಿಗೆ, ಈ ಮನುಷ್ಯ ಯಾವ ಗಳಿಗೆಯಲ್ಲಾದರೂ ಪಿಸ್ತೂಲು ತೆಗೆಯುತ್ತಾನೆ ಎನ್ನಿಸುತ್ತಿತ್ತು. ಅವರು ಹಿಡಿದಿದ್ದು ಪ್ಯಾಂಟನ್ನು ಎಂಬುದು ಇಡೀ ಶಿಕಾರಿಪುರದಲ್ಲಿ ನನಗೊಬ್ಬಳಿಗೆ ಗೊತ್ತಿತ್ತು.

ಮದುವೆಮನೆಗೆ ಹೋದರೆ ಮುಂದಿನ ಸಾಲಿನಲ್ಲಿ ಕುರ್ಚಿ ಖಾಲಿಯಾಗುತ್ತಿತ್ತು. ಕ್ಷೌರದ ಅಂಗಡಿಯವನು ಇವರ ಕಿವಿಯ ಹತ್ತಿರ ಬಂದಾಗ ಉಸಿರು ಹಿಡಿಯುತ್ತಿದ್ದ. ಮೆಕ್ಕೆಜೋಳದ ತೇವಾಂಶ ಜಾಸ್ತಿ ಎಂದು ಇವರು ದರ ಇಳಿಸಿದರೆ ಮೊದಲೆಲ್ಲ ಮೇಜು ಗುದ್ದಿ ಜಗಳವಾಡುತ್ತಿದ್ದ ರೈತರು ಈಗ ಆಯಿತು ಎಂದು ಸುಮ್ಮನೆ ಹೋಗುತ್ತಿದ್ದರು. ಮೊದಲ ತಿಂಗಳು ಇವರಿಗೆ ಇದರಿಂದ ಎಷ್ಟು ಖುಷಿಯೆಂದರೆ ಕನ್ನಡಿಯ ಮುಂದೆ ಮೀಸೆ ತಿರುವಿದ್ದನ್ನು ನಾನೇ ಕಣ್ಣಾರೆ ನೋಡಿದೆ. ಆಮೇಲೆ ಮುಖ ಸಪ್ಪಗಾಯಿತು. ಒಂದು ದಿನ ಊಟಕ್ಕೆ ಕೂತವರು ರೊಟ್ಟಿ ಮುರಿಯುತ್ತ, "ಈಗ ನನ್ನ ಜೊತೆ ಯಾರೂ ಜಗಳಾನೇ ಆಡಂಗಿಲ್ಲ" ಎಂದರು. ನಾನು ಅದಕ್ಕೇನು ಕಷ್ಟ ಎಂದು ಆ ಕೊರತೆ ನೀಗಿಸಿದೆ.

ಚುನಾವಣೆ ಬಂತೆಂದರೆ ಲೈಸೆನ್ಸಿನ ಆಯುಧಗಳನ್ನೆಲ್ಲ ಠಾಣೆಗೆ ಒಪ್ಪಿಸಬೇಕು. ಒಪ್ಪಿಸಿ ಬಂದ ಮೇಲೂ ಇವರ ಕೈ ರೂಢಿಯಂತೆ ಸೊಂಟದ ಮೇಲೇ ಇರುತ್ತಿತ್ತು, ಕುರ್ಚಿಯೂ ಖಾಲಿಯಾಗುತ್ತಿತ್ತು. ಆಯುಧಪೂಜೆಗೆ ಮಾತ್ರ ನನ್ನ ಕೈ ಮೇಲಾಗುತ್ತಿತ್ತು. ಮಂಡಿಯ ತಕ್ಕಡಿ, ಸ್ಕೂಟರು, ನನ್ನ ಈಳಿಗೆಮಣೆಯ ಜೊತೆ ಪಿಸ್ತೂಲನ್ನೂ ಸಾಲಿಗೆ ಇಟ್ಟು ಎಲ್ಲದಕ್ಕೂ ಮೂರು ಬೆರಳಲ್ಲಿ ವಿಭೂತಿ ಎಳೆದು, ಕುಂಕುಮವಿಟ್ಟು, ಒಂದೊಂದು ಚೆಂಡುಹೂವು ಏರಿಸುತ್ತಿದ್ದೆ. ವಿಭೂತಿ ಬಿದ್ದದ್ದೇ ತಡ, ಅದು ಮಠಕ್ಕೆ ಹೊರಟ ಸಣ್ಣ ಸ್ವಾಮಿಯ ಹಾಗೆ ಕಾಣುತ್ತಿತ್ತು. ಸಂದುಗಳಲ್ಲಿ ಸೇರಿದ ವಿಭೂತಿಯನ್ನು ಹಲ್ಲುಜ್ಜುವ ಬ್ರಷ್ಷಿನಿಂದ ತೆಗೆಯುವುದು ಇವರ ಕೆಲಸ. ಪೂರ್ತಿ ಹೋಗಿದ್ದು ನಾನು ಕಂಡಿಲ್ಲ.

ಈಗ ಚೈತ್ರಾಳ ವಿಷಯಕ್ಕೆ ಬರುತ್ತೇನೆ. ಕುಪ್ಪಗಡ್ಡೆಯಿಂದ ಒಂದು ಸಂಬಂಧ ಬಂದಿತ್ತು. ಹುಡುಗ ಪ್ರಶಾಂತ, ಸೊರಬದಲ್ಲಿ ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ ಇಟ್ಟಿದ್ದಾನೆ. ಯಾರದೋ ಗೃಹಪ್ರವೇಶದಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ನೋಡಿದ್ದರು, ನಮ್ಮವಳು ಬೇಡವೆಂದಿರಲಿಲ್ಲ. ಅವಳು ಬೇಡವೆನ್ನಲಿಲ್ಲವೆಂದರೆ ಬಹಳ ಇಷ್ಟವಾಗಿದೆ ಎಂದೇ ಅರ್ಥ. ಹುಡುಗನೂ ಅವನ ಅಪ್ಪ ಅಮ್ಮನೂ ನಮ್ಮ ಮನೆಗೆ ಹೆಣ್ಣು ನೋಡಲು ಬಂದರು. ಯಜಮಾನರು ಮಂಡಿಯಿಂದ ಅವಸರದಲ್ಲಿ ಬಂದವರು ಹಾಗೇ ಸೋಫಾದಲ್ಲಿ ಕೂತರು. ಪಿಸ್ತೂಲು ಪಕ್ಕೆಗೆ ಒತ್ತಿತು. ಒಂದು ಮಾತೂ ಆಡದೆ ಅದನ್ನು ಸೊಂಟದಿಂದ ಬಿಚ್ಚಿ ಟೀಪಾಯಿಯ ಮೇಲೆ, ನೆಂಟರ ಎದುರಿಗೆ, ಸರಿಯಾಗಿ ಹುಡುಗನ ಅಪ್ಪನ ಕಡೆಗೆ ಬಾಯಿ ಮಾಡಿ ಇಟ್ಟರು.

ನಾನು ಉಪ್ಪಿಟ್ಟಿನ ತಟ್ಟೆಗಳನ್ನು ತಂದಾಗ ಮೂವರ ಕಣ್ಣೂ ಅದರ ಮೇಲೆ. ನನಗೆ ತಟ್ಟೆ ಇಡಲು ಜಾಗವಿಲ್ಲದ್ದೇ ದೊಡ್ಡ ಚಿಂತೆ. "ಎಂತದ್ರೀ ಇದು, ತೆಗೀರಿ ಆಚೆ, ಪ್ಲೇಟ್ ನಿಮ್ಮ ತಲೆ ಮೇಲೆ ಇಡ್ಲಾ?" ಎಂದು ಅದನ್ನು ಮೊಣಕೈಯಿಂದ ದೂಡಿದೆ. ಇವರು ಬೇಗ ಬೇಗ ಎದ್ದು ಅದನ್ನು ಒಳಗೆ ಇಟ್ಟುಬಂದರು. ಪ್ಯಾಂಟು ಏರಿಸಿಕೊಳ್ಳುತ್ತ ಬಂದದ್ದನ್ನು ನಾನು ಹೇಳಬಾರದು.

ಅದೇ ಸಂಜೆ ಫೋನು ಬಂತು. ಒಪ್ಪಿಗೆ, ಯಾವ ಮಾತುಕತೆಯೂ ಬೇಡ, ನಿಮಗೆ ಅನುಕೂಲವಾದ ದಿನ ನಿಶ್ಚಿತಾರ್ಥ ಎಂದರು. ನಮ್ಮ ಕಡೆ ಹೀಗಾಗುವುದಿಲ್ಲ. ಗಂಡಿನ ಕಡೆಯವರು ಮನೆಯಲ್ಲಿ ಕೇಳಿ ಹೇಳುತ್ತೇವೆ ಎಂದು ಹೋಗಿ, ವಾರಗಟ್ಟಲೆ ಕಾಯಿಸಿ, ಎರಡು ಸಲ ಜಾತಕ ತರಿಸಿ, ಆಮೇಲೆ ತಾನೇ ಬಾಯಿ ಬಿಡುವುದು. ಶಾರದಕ್ಕ ಕಾಂಪೌಂಡಿನ ಮೇಲಿಂದ ಸುದ್ದಿ ಕೇಳಿ, "ಹೆದರಿ ಒಪ್ಕೊಂಡಿರಬೇಕು ಬಿಡ್ರಿ" ಎಂದು ನಕ್ಕಳು. ನಾನೂ ನಕ್ಕೆ. ಚೈತ್ರಾ ನಗಲಿಲ್ಲ.

"ಅಮ್ಮ, ಅದು ಖರೇನೇ ಆಗಿದ್ರೆ?" ಎಂದಳು. "ಅಪ್ಪಾಜಿಗೆ ಹೆದರಿ ನನ್ನ ಕರ್ಕೊಂಡು ಹೋಗಿ, ಜೀವನಪೂರ್ತಿ ನನ್ನ ಹತ್ರ ನೋಡಿ ಮಾಡಿ ಮಾತಾಡೋರ ಮನೇಲಿ ನಾನು ಹೆಂಗ ಇರ್ಲಿ? ಹೆದರಿ ಒಪ್ಪಿದ್ರೆ ನಂಗ ಬ್ಯಾಡ."

"ನನ್ನ ಮುಖ ನೋಡಿ ಯಾರಾದ್ರೂ ಹೆದರ್ತಾರೇನು?" ಎಂದು ಇವರು ನೊಂದುಕೊಂಡರು.

"ನಿಮ್ಮ ಮುಖ ಯಾರ್ ನೋಡಿದ್ರು ಅಪ್ಪಾಜಿ" ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅವಳು ಅತ್ತದ್ದು ಗೊತ್ತಾಯಿತು. ಹುಡುಗ ಅವಳಿಗೆ ಅಷ್ಟು ಇಷ್ಟವಾಗಿದ್ದ.

ಹಾಗಾಗಿ ನಾವಿಬ್ಬರೂ ಕುಪ್ಪಗಡ್ಡೆಗೆ ಹೋಗಿ, ಹೆದರಿಕೆಯಿಂದ ಒಪ್ಪಿದ್ದರೆ ಧಾರಾಳವಾಗಿ ಬೇಡ ಎನ್ನಿ ಎಂದು ಹೇಳಿ ಬರುವುದೆಂದು ತೀರ್ಮಾನವಾಯಿತು. ಪಿಸ್ತೂಲು ಬೀರುವಿನಲ್ಲಿ ಉಳಿಯಿತು. ಸೊರಬ ದಾಟುವಷ್ಟರಲ್ಲಿ ಇವರಿಗೆ ಇದ್ದಕ್ಕಿದ್ದಂತೆ ಹಕ್ಕಿಗಳ ಮೇಲೆ ಪ್ರೀತಿ ಹುಟ್ಟಿತು. "ಗುಡವಿಗೆ ಹೋಗಿ ಹಕ್ಕಿ ನೋಡ್ಕೊಂಡು ಹೋಗೋಣೇನು?" ಎಂದರು. ಹುಟ್ಟಿದಾಗಿನಿಂದ ಕಾಗೆ ಗುಬ್ಬಿ ಬಿಟ್ಟು ಬೇರೆ ಹೆಸರು ಗೊತ್ತಿಲ್ಲದ ಮನುಷ್ಯ. ಹೋದೆವು. ಕೆರೆಯ ಮರಗಳ ತುಂಬ ಬಿಳಿ ಹಕ್ಕಿಗಳು ಒಂದೇ ಸಮನೆ ಜಗಳವಾಡುತ್ತಿದ್ದವು. ಇವರು ಸೊಂಟದ ಮೇಲೆ ಕೈಯಿಟ್ಟು ಬಹಳ ಹೊತ್ತು ನೋಡಿ, "ನಾನು ಏನಂತ ಕೇಳ್ಲಿ? ನನಗ ಹೆದರ್ತೀರೇನು ಅಂತ ಯಾರಾದ್ರೂ ಬೀಗರನ್ನ ಕೇಳ್ತಾರೇನು?" ಎಂದರು. ನನಗೆ ನಗು ಬಂತು, ಅಷ್ಟೇ ಪ್ರೀತಿಯೂ ಬಂತು.

ಕುಪ್ಪಗಡ್ಡೆಯ ಮನೆ ಅಚ್ಚುಕಟ್ಟಾಗಿತ್ತು. ಬೀಗರು ಜಗಲಿಯ ಕುರ್ಚಿಯಲ್ಲಿ ಕೂತಿದ್ದರು. ದಪ್ಪ ಹುಬ್ಬಿನ, ಮಾತು ಕಡಿಮೆಯ ಗೌರವಸ್ಥರು. ಬೀಗತಿ ಕಾಫಿ ತಂದರು. ಪ್ರಶಾಂತ ಕಂಬಕ್ಕೆ ಒರಗಿ ನಿಂತಿದ್ದ. ನಮ್ಮವರು ಮೂರು ಸಲ ಗಂಟಲು ಸರಿಮಾಡಿಕೊಂಡು, ಆ ದಿನ ಟೀಪಾಯಿಯ ಮೇಲೆ ಇಟ್ಟದ್ದರಿಂದ ಏನಾದರೂ ಬೇಜಾರಾಗಿದ್ದರೆ ಸಂಕೋಚವಿಲ್ಲದೆ ಹೇಳಬೇಕು, ಸಂಬಂಧ ಬೇಡವೆಂದರೂ ನಾವೇನೂ ತಿಳಿದುಕೊಳ್ಳುವುದಿಲ್ಲ ಎಂದು ಅಭ್ಯಾಸ ಮಾಡಿದ್ದನ್ನೆಲ್ಲ ಒಪ್ಪಿಸಿದರು.

"ನಿಮ್ಮ ಹತ್ರ ಸುಳ್ಳು ಎಂತಕ್ಕೆ ಹೇಳದು" ಎಂದು ಬೀಗತಿ ಶುರುಮಾಡಿದರು. "ಮೊದ್ಲು ಹೆದ್ರಿಕೆ ಆಗಿದ್ದು ಹೌದು. ಆಮೇಲೆ..."

ಬೀಗರು ಕೆಮ್ಮಿದರು.

ಜೋರಾಗಿಯೇನೂ ಅಲ್ಲ. ಒಂದೇ ಒಂದು ಸಣ್ಣ ಕೆಮ್ಮು. ಬೀಗತಿಯ ಮಾತು ಅಲ್ಲೇ ತುಂಡಾಯಿತು. ಖಾಲಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದರು. ಪ್ರಶಾಂತ ನೆಲ ನೋಡಿದ. ನಮ್ಮವರ ಕೈ ಸೊಂಟದಿಂದ ಕೆಳಗಿಳಿಯಿತು. ಇನ್ನು ನಾನು, ಪಿಸ್ತೂಲನ್ನು ಮೊಣಕೈಯಿಂದ ದೂಡಿದ ಧೈರ್ಯವಂತೆ, ಸೆರಗು ಎಳೆದು ಎರಡೂ ಭುಜಕ್ಕೆ ಹೊದ್ದುಕೊಂಡು ಕೂತಿದ್ದೆ. ಯಾವಾಗ ಹೊದ್ದುಕೊಂಡೆನೋ ನನಗೇ ಗೊತ್ತಾಗಲಿಲ್ಲ.

"ಹೆದ್ರಿಕೆ ಎಂತದೂ ಇಲ್ಲ. ನಿಶ್ಚಿತಾರ್ಥದ ದಿನ ನೋಡಿ" ಎಂದರು ಬೀಗರು. ಮಾತು ಮುಗಿಯಿತು.

ನಾನು ಅಡುಗೆಮನೆಗೆ ಹೋದೆ. ಬೀಗತಿ ಲೋಟ ತೊಳೆಯುತ್ತ, ತಿರುಗಿ ನೋಡದೆ, ಮೆಲುದನಿಯಲ್ಲಿ ಮಾತಾಡಿದರು.

"ನಮ್ಮನೇಲಿ ಬಂದೂಕು ಪಿಸ್ತೂಲು ಎಂತದೂ ಇಲ್ಲ ಕಣ್ರೀ. ಇವ್ರು ಕೈ ಎತ್ತಿದವ್ರಲ್ಲ, ಬೈದವ್ರೂ ಅಲ್ಲ. ಒಂದ್ ಸಲ ಕೆಮ್ತಾರೆ, ಅಷ್ಟೇ. ಮದುವೆಯಾಗಿ ಬಂದ ಮೇಲೆ ಒಂದು ಮಾತನ್ನ ಕೊನೇ ತನಕ ಹೇಳಿದ್ದು ನಂಗೆ ನೆನಪಿಲ್ಲ. ನಿಮ್ಮನೇಲಿ ಅದನ್ನ ನೋಡಿ, ಅಯ್ಯೋ ಇದು ಇನ್ನೆಂಥಾ ಮನೆಯಪ್ಪ ಅಂತ ಜೀವ ಹೋಗಿತ್ತು. ನೀವು ಬಂದು ದೂಡಿ, ತೆಗೀರಿ ಆಚೆ ಅಂದ್ರಿ. ಅವ್ರು ತೆಗೆದ್ರು. ಆ ಮನೆಯ ಹುಡುಗಿ ಬಂದ್ರೆ ನಮ್ಮನೇಲಿ ಮಾತಿನ ಸದ್ದು ಇರ್ತದೆ ಅಂತ ನಂಗೆ ಅಲ್ಲೇ ಅನ್ನಿಸ್ತು. ವಾಪಸ್ ಬರೋವಾಗ ಕಾರಲ್ಲಿ ಇದೇ ಸಂಬಂಧ ಬೇಕು ಅಂತ ಹಟ ಹಿಡಿದಿದ್ದು ನಾನೇ. ಕೆಮ್ಮಿದ್ರು. ಆ ದಿನ ಮಾತ್ರ ಕೇಳಿಸ್ಲಿಲ್ಲ ಅನ್ನಂಗೆ ಕೂತಿದ್ದೆ."

ಅವರ ಒದ್ದೆ ಕೈಯನ್ನು ಹಿಡಿದುಕೊಂಡೆ. ಒಂದು ಕಡೆ ಸಮಾಧಾನವಾಗಿತ್ತು, ಇನ್ನೊಂದು ಕಡೆ ಈ ಹೆಂಗಸಿನ ಮೌನ ಮುರಿಯಲು ನನ್ನ ಮಗಳೇ ಬೇಕಾ ಎಂದು ಸ್ವಾರ್ಥವೂ ಬಂತು. ಇಷ್ಟು ದಿನ ಹೆದರಿಕೆಯನ್ನು ಕಬ್ಬಿಣದಲ್ಲಿ, ಆಕಾರದಲ್ಲಿ, ಚರ್ಮದ ಚೀಲದಲ್ಲಿ ಹುಡುಕಿದ ನನ್ನ ಪಾಂಡಿತ್ಯಕ್ಕೆ ನಾನೇ ನಾಚಿದೆ. ಎದುರಿಗಿದ್ದವರು ಸುಮ್ಮನಾಗುತ್ತ ಸುಮ್ಮನಾಗುತ್ತ ಒಂದು ಕೆಮ್ಮಿಗೂ ನಳಿಗೆ ಮೂಡಿಸುತ್ತಾರೆ. ನಮ್ಮ ಮನೆಯ ಪಿಸ್ತೂಲು ಕುಟ್ಟಾಣಿಯಾಗಿಯೇ ಉಳಿದದ್ದು ನಾವು ಸುಮ್ಮನಾಗದೆ ಇದ್ದುದಕ್ಕೆ.

ದಾರಿಯಲ್ಲಿ ಬೀಗತಿಯ ಮಾತನ್ನೆಲ್ಲ ಇವರಿಗೆ ಹೇಳಿದೆ. ಶಿಕಾರಿಪುರದ ಹತ್ತಿರ ಬಂದಾಗ, "ಬ್ಯಾಡ ಬಿಡು, ನನ್ನ ಮಗಳು ಅಲ್ಲಿ ಬಾಯಿ ಮುಚ್ಚಿ ಕೂರೋದು ನನಗ ನೋಡಾಕಾಗಲ್ಲ" ಎಂದರು. ಹಲ್ಲಿಗೆ ಹೆದರುವ ಮನುಷ್ಯ ಅಷ್ಟು ಗಟ್ಟಿಯಾಗಿ ಮಾತಾಡಿದ್ದು ಅದೇ ಮೊದಲು.

ಚೈತ್ರಾಳಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆವು. ಅವಳು ಅಲ್ಲೇ ನಮ್ಮ ಎದುರಿಗೇ ಪ್ರಶಾಂತನಿಗೆ ಫೋನು ಹಚ್ಚಿ ಸ್ಪೀಕರ್ ಹಾಕಿದಳು.

"ನಿಮ್ಮಪ್ಪಾಜಿ ಕೆಮ್ಮಿದ್ರೆ ನೀವು ಏನ್ಮಾಡ್ತೀರಿ?"

ಆ ಕಡೆಯಿಂದ ಪ್ರಶಾಂತ, "ನಾನೂ ಸುಮ್ಮನಾಗ್ತೀನಿ" ಎಂದ. "ಚಿಕ್ಕಂದಿನಿಂದ ಹಂಗೇ. ಇವತ್ತು ಅಮ್ಮ ಎದ್ದು ಹೋಗಿದ್ದು ನೋಡಿ ನಾಚಿಕೆ ಆಯ್ತು. ನೀವು ಬ್ಯಾಡ ಅಂದ್ರೆ ನಾನು ತಪ್ಪು ತಿಳ್ಕಳಲ್ಲ."

ಅವಳು ಫೋನಿಟ್ಟು, "ನಾನು ಹಂಗಲ್ಲ, ನಾನು ಮಾತಾಡ್ತೀನಿ ಅಂತ ಅವ್ರು ಜಂಬ ಕೊಚ್ಚಲಿಲ್ಲ ನೋಡಮ್ಮ" ಎಂದಳು. ಸ್ವಲ್ಪ ಹೊತ್ತು ಉಗುರು ನೋಡಿಕೊಂಡು, "ಆಗ್ಲಿ" ಎಂದಳು. ಆ ದಿನ ನನಗೆ ಊಟ ಸೇರಲಿಲ್ಲ.

ಮದುವೆ ಫಾಲ್ಗುಣದಲ್ಲಿ ಆಯಿತು. ಈ ಸಲ ನಾಟಿ ಮುಗಿದ ಮೇಲೆ ಬೀಗರು ನಮ್ಮನ್ನು ಊಟಕ್ಕೆ ಕರೆದರು. ಚೈತ್ರಾಳ ಹಟಕ್ಕೆ ಗಂಡಸರು ಹೆಂಗಸರು ಎಲ್ಲರೂ ಒಟ್ಟಿಗೆ ಕೂತಿದ್ದೆವು. ಬೀಗತಿ ಮಾತ್ರ ಯಾವಾಗ ಬೇಕಾದರೂ ಏಳುವವರ ಹಾಗೆ ಮಣೆಯ ತುದಿಯಲ್ಲಿ ಕೂತಿದ್ದರು.

"ಅಪ್ಪಾಜಿ, ನಿಮಗ ಗೊತ್ತಿಲ್ಲ" ಎಂದು ಚೈತ್ರಾ ಶುರುಮಾಡಿದಳು. "ಅತ್ತೆ ನನ್ನ ಸ್ಕೂಟಿ ಕಲಿಯಾಕ ಹತ್ತ್ಯಾರ. ಮೊನ್ನೆ ನಾನು ಹಿಂದ ಓಡ್ತಾ ಇದ್ದೆ, ಇವ್ರು ಗದ್ದೆ ದಾರೀಲಿ ಒಬ್ರೇ..."

ಬೀಗರು ಕೆಮ್ಮಿದರು.

ನಮ್ಮವರ ತುತ್ತು ಅರ್ಧದಲ್ಲಿ ನಿಂತಿತು. ಪ್ರಶಾಂತ ಎಲೆಯಿಂದ ತಲೆಯೆತ್ತಿ ನೇರವಾಗಿ ಅಪ್ಪನನ್ನು ನೋಡಿದ. ನನ್ನ ಕೈ ಸೆರಗಿನ ಕಡೆ ಹೊರಟದ್ದನ್ನು ನಾನೇ ಹಿಡಿದು ನಿಲ್ಲಿಸಿದೆ. ಬೀಗತಿ ನೆಲಕ್ಕೆ ಕೈಯೂರಿ ಏಳಲು ಹೊರಟರು.

"ನೀರು ಕುಡೀರಿ ಮಾವ" ಎಂದು ಚೈತ್ರಾ ಅವರ ಲೋಟಕ್ಕೆ ನೀರು ತುಂಬಿ ಮುಂದಿಟ್ಟಳು. ಆಮೇಲೆ ಬೀಗತಿಯ ಕಡೆ ತಿರುಗಿ, "ಮುಂದೇನಾತು ನೀವೇ ಹೇಳ್ರಿ ಅತ್ತೆ" ಎಂದಳು.

ಬೀಗರು ಲೋಟ ನೋಡಿದರು. ಸೊಸೆಯ ಮುಖ ನೋಡಿದರು. ಲೋಟ ಎತ್ತಿ ನೀರು ಕುಡಿದರು.

ಅರ್ಧ ಎದ್ದಿದ್ದ ಬೀಗತಿ ಮತ್ತೆ ಕೂತರು. ಈ ಸಲ ಮಣೆಯ ತುಂಬ ಕೂತರು.

"ಎಂತ ಆಗದು" ಎಂದರು. "ಸೀದಾ ಹೋಗಿ ನಾಟಿ ಗದ್ದೆಗೆ ಬಿದ್ದೆ."